ರುಚಿ ನೋಡಲಾಗಿದೆ

ಜುಲೈ ಎರಡನೆಯ ವಾರದಿಂದ ನಮ್ಮ ಮನೆಯಲ್ಲಿ ಸರ್ಕಾರಿ ಶಾಲೆಯ ಬಿಸಿಯೂಟದ ಅಡುಗೆ ಶುರುವಾಯಿತು. ಸೋಮವಾರ ಅನ್ನ-ಸಾಂಬಾರು, ಮಂಗಳವಾರವೂ ಅದೇ, ಬುಧವಾರ ಪಲಾವು, ಗುರುವಾರ ಮತ್ತೆ ಸಾಂಬಾರು, ಶುಕ್ರವಾರ ಬಿಸಿಬೇಳೆಭಾತು, ಶನಿವಾರ ಉಪ್ಪಿಟ್ಟು. ಶಾಲೆಯ ಗೋಡೆಯ ಮೇಲಿನ ಪಟ್ಟಿಯನ್ನು ಅವ್ವ ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಬಂದು, ನನ್ನ ಕೈಯಲ್ಲೇ ಪ್ರಿಂಟು ತೆಗೆಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಈಗ ಆ ನಗೆ ನೆನಪಾದರೆ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ಸಂಗತಿ ಇಷ್ಟು. ನಮ್ಮ ಅವ್ವ ದಾಕ್ಷಾಯಿಣಿ ಶಿರಗುಪ್ಪಿಯ ಆಚೆಯ ಒಂದು ಹಳ್ಳಿಯಲ್ಲಿ ಮುಖ್ಯ ಶಿಕ್ಷಕಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಮನೆಯಿಂದ ದಿನಾ ಎರಡು ಬಸ್ಸು ಬದಲಿಸಿ ಹೋಗುತ್ತಾಳೆ. ಶಾಲೆಯಲ್ಲಿ ಮಕ್ಕಳಿಗೆ ಬಡಿಸುವ ಅರ್ಧ ಗಂಟೆ ಮೊದಲು ಒಬ್ಬ ಶಿಕ್ಷಕರು ಆ ಅಡುಗೆ ಉಂಡು ನೋಡಬೇಕು. ನೋಡಿ, ವಹಿಯಲ್ಲಿ 'ರುಚಿ ನೋಡಲಾಗಿದೆ, ಚೆನ್ನಾಗಿದೆ' ಎಂದು ಬರೆದು ಸಹಿ ಹಾಕಬೇಕು. ಅವ್ವ ನಾಲ್ಕು ವರ್ಷ ಒಂದು ದಿನವೂ ತಪ್ಪದೆ ಸಹಿ ಹಾಕಿದ್ದಾಳೆ. ಒಂದು ದಿನವೂ ಒಂದು ಅಗುಳು ಬಾಯಿಗೆ ಇಟ್ಟಿಲ್ಲ. ಯಾಕೆಂದರೆ ಅಡುಗೆ ಮಾಡುವ ಉಡಚವ್ವ ದಲಿತರ ಓಣಿಯವಳು. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿದ ಮನೆತನ. ಆ ಲಿಂಗವನ್ನು ನಮ್ಮ ಹಿರಿಯರು ಯಾಕೆ ಕಟ್ಟಿಕೊಂಡರು, ಯಾರ ಯಾರ ಜೊತೆ ಕೂತು ಉಣ್ಣಲು ಕಟ್ಟಿಕೊಂಡರು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಬಸವ ಜಯಂತಿಯ ದಿನ ಮಾತ್ರ ಅವ್ವ ಶಾಲೆಯಲ್ಲಿ ಅರ್ಧ ಗಂಟೆ ಕಾಯಕದ ಬಗ್ಗೆ ಭಾಷಣ ಮಾಡುತ್ತಾಳೆ.

ನೌಕರರಲ್ಲಿ ಕೆಲಸದ ಶಿಸ್ತು ಹೆಚ್ಚಿಸಬೇಕೆಂದು ಇಲಾಖೆಯವರು ಧಾರವಾಡದಲ್ಲಿ ಎರಡು ದಿನ ತರಬೇತಿ ಇಟ್ಟಿದ್ದರು. ಅಲ್ಲಿಂದ ಅವ್ವ ಒಂದು ಸೆಣಬಿನ ಚೀಲ, ಒಂದು ಪೆನ್ನು ಮತ್ತು ಒಂದು ಹೊಸ ತಲೆಬೇನೆ ತಂದಳು. ಇನ್ನು ಮುಂದೆ ಬರೀ ಸಹಿ ನಡೆಯುವುದಿಲ್ಲ. ಶಿಕ್ಷಕರು ತಾಟು ಹಿಡಿದು ಉಣ್ಣುತ್ತಿರುವ ಫೋಟೊ ಹನ್ನೆರಡೂಕಾಲರ ಒಳಗೆ ಆ್ಯಪಿನಲ್ಲಿ ಬೀಳಬೇಕು.

ರಾತ್ರಿ ಊಟಕ್ಕೆ ಕೂತಾಗ ಅಜ್ಜಿ ರತ್ನವ್ವ ಕೈಯಲ್ಲಿದ್ದ ತುತ್ತು ತಾಟಿಗೆ ಇಳಿಸಿದಳು. "ಅಂದ್ರ ಇನ್ನ ದಿನಾ ಅಕಿ ಮಾಡಿದ್ದ ಉಣ್ಣಬೇಕೇನ ನೀನು?"

"ಅದಕ್ಕ ತಲಿ ಕೆಟ್ಟೈತಿ ನೋಡ್ರಿ ಅತ್ತಿ," ಅಂದಳು ಅವ್ವ.

"ಉಂಡ್ರ ಏನಾಗತೈತಿ?" ಅಂತ ನಾನು ಕೇಳಿದೆ. "ನೂರಾ ಹತ್ತ ಹುಡುಗೂರು ಉಣ್ತಾವ. ಅವಕ್ಕೇನರ ಕೋಡ ಮೂಡ್ಯಾವೇನ?"

"ನೀ ಸುಮ್ನ ಉಣ್ಣು ಭಾಗ್ಯಾ, ದೊಡ್ಡೋರ ಮಾತಿನ್ಯಾಗ ಬಾಯಿ ಹಾಕಬ್ಯಾಡ," ಅಂದ ಅಪ್ಪ ಸಿದ್ದಲಿಂಗಪ್ಪ. ಅಪ್ಪನದು ದುರ್ಗದಬೈಲಿನಲ್ಲಿ ಪಾತ್ರೆ-ಭಾಂಡೆ ಅಂಗಡಿ. ಮನೆಯ ಯಾವ ಜಗಳಕ್ಕೂ ಅವನ ಉತ್ತರ ಸುಮ್ಮನಿರುವುದು, ಇಲ್ಲವೇ ಇನ್ನೊಬ್ಬರನ್ನು ಸುಮ್ಮನಿರಿಸುವುದು.

ಉಪಾಯ ಹೊಳೆದದ್ದು ಅಜ್ಜಿಗೆ. "ಅಲ್ಲಿ ಏನ ಮಾಡ್ತಾರ, ಅದನ್ನ ನಾ ಇಲ್ಲಿ ಮಾಡಿ ಡಬ್ಬಿಗೆ ಹಾಕಿ ಕೊಡ್ತೇನಿ. ಸಾಲಿ ತಾಟಿಗೆ ಸುರವಿಕೊಂಡ ಫೋಟೊ ಹೊಡಕೋ. ಅನ್ನದ ಮ್ಯಾಲ ಯಾರದರ ಹೆಸರ ಬರದಿರತೈತೇನ?"

ಅವ್ವನ ಮುಖ ಅರಳಿತು. ಮರುದಿನವೇ ಅಪ್ಪ ಅಂಗಡಿಯಿಂದ ಶಾಲೆಯಲ್ಲಿರುವಂಥದ್ದೇ ಖಾನೆಯ ತಾಟು ತಂದುಕೊಟ್ಟ. ಶಾಲೆಯ ತಾಟನ್ನು ಎಷ್ಟು ತೊಳೆದರೂ ಅಜ್ಜಿಗೆ ಸಮಾಧಾನವಿರಲಿಲ್ಲ. ಹೀಗೆ ಬೆಳಗಿನ ಐದೂವರೆಗೆ ಎದ್ದು, ಎಪ್ಪತ್ತೆರಡು ವರ್ಷದ ಮುದುಕಿ ಸರ್ಕಾರಕ್ಕೆ ಮೋಸ ಮಾಡಲು ಸಾಂಬಾರು ಕುದಿಸತೊಡಗಿದಳು. ಅವಳ ಶಿಸ್ತನ್ನು ಮೆಚ್ಚಬೇಕು. ಒಂದು ದಿನವೂ ತಡ ಮಾಡಲಿಲ್ಲ.

ಮಾಡಿದ್ದನ್ನು ನಾವೆಲ್ಲ ಉಣ್ಣಬೇಕಿತ್ತು. ಮೂರನೆಯ ವಾರಕ್ಕೆ ಅಪ್ಪನೇ ಬೇಸತ್ತ. "ಅವ್ವಾ, ಇವತ್ತರ ಬ್ಯಾರೆ ಏನರ ಮಾಡ. ಅಂಗಡ್ಯಾಗ ಡಬ್ಬಿ ತಗದ್ರ ಬಾಜೂದವ್ರು ಇವತ್ತ ಯಾವ ವಾರಂತ ನನ್ನ ಡಬ್ಬಿ ನೋಡಿ ಹೇಳಾಕತ್ತಾರ."

"ಸ್ವಲ್ಪ ದಿನಾ ತಡಿಯೋ. ಸೊಸಿ ನೌಕರಿ ದೊಡ್ಡದೋ, ನಿನ್ನ ನಾಲಿಗಿ ದೊಡ್ಡದೋ?" ಅಂದಳು ಅಜ್ಜಿ.

ಆಗಸ್ಟ್ ಮೊದಲ ವಾರ ತಾಲೂಕಿನ ಸಭೆಯಲ್ಲಿ ಅವ್ವನಿಗೆ ಪ್ರಮಾಣಪತ್ರ ಕೊಟ್ಟರು. ಹಾಜರಿಯಲ್ಲಿ ನೂರಕ್ಕೆ ನೂರು, ಊಟದ ಫೋಟೊದಲ್ಲಿ ನೂರಕ್ಕೆ ನೂರು. 'ಕೆಲಸದಲ್ಲಿ ನಿಷ್ಠೆ' ಎಂಬ ವಿಷಯದ ಮೇಲೆ ಉಳಿದ ಶಿಕ್ಷಕರ ಮುಂದೆ ಅವಳಿಂದ ಹತ್ತು ನಿಮಿಷ ಮಾತಾಡಿಸಿದರು. ಆ ಮಾತನ್ನು ಟೈಪು ಮಾಡಿ ಕೊಟ್ಟವಳು ನಾನು. ವಿದ್ಯಾನಗರದ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ದಿನವಿಡೀ ಪತ್ರ ಟೈಪು ಮಾಡುವುದೇ ನನ್ನ ಕೆಲಸ; ಮನೆಗೆ ಬಂದರೆ ಅವ್ವನ ಪತ್ರ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಅಪ್ಪ ಪಡಸಾಲೆಯಲ್ಲಿ ಮೊಳೆ ಹೊಡೆದ.

"ನಿನಗ ಒಂದಿಷ್ಟೂ ನಾಚಿಕಿ ಅನ್ನೂದ ಐತೋ ಇಲ್ಲೋ ಅವ್ವಾ?" ಅಂದೆ.

ಅವ್ವನಿಗೆ ಉರಿದುಹೋಯಿತು. "ಯಾಕ ನಾಚಿಕಿ? ಇಪ್ಪತ್ತಾರ ವರ್ಷದ ನೌಕರ್‍ಯಾಗ ಒಂದ ದಿನಾ ಗಂಟಿ ಹೊಡದ ಮ್ಯಾಲ ಸಾಲಿಗೆ ಹೋಗಿಲ್ಲ. ಕನ್ನಡ ಓದಾಕ ಬರಲಾರದ ಹುಡುಗೂರ್‍ನ ಸಂಜೀಮಟ ಕುಂದ್ರಿಸಿ ಓದಸ್ತೇನಿ. ಮಳಿಗಾಲದಾಗ ಸೋರು ಖೋಲಿಗೆ ನಾನ ನಿಂತ ತಗಡ ಹಾಕ್ಸೇನಿ. ನನಗ ನಿಯತ್ತ ಹೇಳಾಕ ಬಂದ್ಲ ಇಕಿ!"

ಅದೆಲ್ಲ ಖರೇ. ಅದೇ ನನಗೆ ತಡೆಯಲಾಗದ್ದು. ಸೋಮಾರಿಯಾಗಿದ್ದರೆ, ಲಂಚ ತಿನ್ನುವವಳಾಗಿದ್ದರೆ ಬೈದು ಬಿಟ್ಟುಬಿಡಬಹುದಿತ್ತು. ಮಗುವಿನ ಮೂಗು ತನ್ನ ಸೆರಗಿನಿಂದ ಒರೆಸುವ ಹೆಂಗಸು, ಆ ಮಗು ಉಣ್ಣುವ ಅನ್ನ ಕಂಡರೆ ಮೈ ಮುದುಡಿಕೊಳ್ಳುತ್ತಾಳೆ. ಥೂ!

ಆಗಸ್ಟಿನ ಕೊನೆಯ ಗುರುವಾರ ಶಾಲೆಗೆ ಹೊಸ ಎಣ್ಣೆಯ ಡಬ್ಬಿ ಬಂದಿತ್ತು. ಹನ್ನೆರಡು ಗಂಟೆ ಐದು ನಿಮಿಷಕ್ಕೆ ಅವ್ವ ತನ್ನ ಖೋಲಿಯಲ್ಲಿ ಅಜ್ಜಿಯ ಸಾಂಬಾರಿನ ತಾಟು ಹಿಡಿದು ಫೋಟೊ ಹಾಕಿದಳು, ವಹಿಗೆ ಸಹಿ ಹಾಕಿದಳು, ಮೊಬೈಲಿನಲ್ಲಿ ಒಂದು ಸಭೆಗೆ ಕೂತಳು. ಸಭೆಯ ವಿಷಯ ಮತ್ತದೇ, ಕೆಲಸದ ಶಿಸ್ತು. ಆಗ ಉಡಚವ್ವ ಬಾಗಿಲಿಗೆ ಬಂದಳು. ಎಣ್ಣೆ ವಾಸನೆ ಹೊಡೆಯುತ್ತಿದೆ, ಸಾಂಬಾರು ಒಂದು ನಮೂನೆ ಇದೆ, ನೋಡಿರಿ ಅಂದಳು. ಅವ್ವ ಕೈ ಸನ್ನೆ ಮಾಡಿ ಕಳಿಸಿದಳು. ಸ್ವಲ್ಪ ಹೊತ್ತಿಗೆ ಉಡಚವ್ವ ವಾಟಿಯಲ್ಲಿ ಸಾಂಬಾರು ಹಿಡಿದುಕೊಂಡು ಮತ್ತೆ ಬಂದಳು. ಅವ್ವ ಮೊಬೈಲಿನ ಧ್ವನಿ ಒಂದು ಕ್ಷಣ ಮುಚ್ಚಿ, "ಬಡಸ್ರಿ, ಬಡಸ್ರಿ, ಹೊತ್ತಾಗಾಕತ್ತೈತಿ," ಅಂದಳು.

ಎರಡು ಗಂಟೆಯ ಹೊತ್ತಿಗೆ ಇಪ್ಪತ್ಮೂರು ಮಕ್ಕಳು ವಾಂತಿ ಮಾಡಿಕೊಂಡರು. ದೇವರು ದೊಡ್ಡವನು, ಮರುದಿನ ಸಂಜೆಯ ಹೊತ್ತಿಗೆ ಎಲ್ಲವೂ ಆಸ್ಪತ್ರೆಯಿಂದ ಮನೆ ಸೇರಿದವು. ಅವ್ವನೇ ಅವುಗಳ ಜೊತೆ ಗಾಡಿಯಲ್ಲಿ ಹುಬ್ಬಳ್ಳಿಗೆ ಬಂದಿದ್ದಳು. ಮನೆಗೆ ಬಂದಾಗ ಸೀರೆಯ ತುಂಬ ಮಕ್ಕಳ ವಾಂತಿ. ಹೆದರಿ ತುಟಿ ಒಣಗಿತ್ತು. ನಾನು ನೀರು ಕೊಡಲು ಓಡಿದೆ. ಕುಡಿದು ಅವಳು ಹೇಳಿದ ಮೊದಲ ಮಾತು: "ಫೋಟೊ ಟೈಮಿನ್ಯಾಗ ಹೋಗೇತಿ. ನನಗೇನೂ ಆಗೂದಿಲ್ಲ."

"ಸೀರಿ ಬ್ಯಾರೆ ಬಕೀಟಿನ್ಯಾಗ ನೆನಿ ಇಡವಾ," ಅಂದಳು ಅಜ್ಜಿ.

ವಿಚಾರಣೆಗೆ ಮೊದಲು ಮುಖ್ಯ ಶಿಕ್ಷಕಿ ಲಿಖಿತ ಹೇಳಿಕೆ ಕೊಡಬೇಕಿತ್ತು. ಭಾನುವಾರ ಊಟವಾದ ಮೇಲೆ ಅವ್ವ ಹೇಳಿದಳು, ನಾನು ಲ್ಯಾಪ್‌ಟಾಪಿನಲ್ಲಿ ಬಡಿದೆ. 'ನಾನು ರುಚಿ ನೋಡಿದಾಗ ಅಡುಗೆಯು ಉತ್ತಮವಾಗಿತ್ತು. ಫೋಟೊ ಲಗತ್ತಿಸಿದೆ. ತದನಂತರ ಅಡುಗೆಯವರ ನಿರ್ಲಕ್ಷ್ಯದಿಂದ ಆಹಾರದಲ್ಲಿ ದೋಷ ಉಂಟಾಗಿರಬಹುದು.'

ಫೋಟೊ ಲಗತ್ತಿಸುವಾಗ ನೋಡಿದೆ. ತಾಟಿನಲ್ಲಿ ನುಗ್ಗೆಕಾಯಿಯ ಎರಡು ತುಂಡುಗಳಿದ್ದವು, ನಮ್ಮ ಹಿತ್ತಲ ಗಿಡದವು. ಶಾಲೆಯಲ್ಲಿ ಅವತ್ತು ಆಲೂಗಡ್ಡೆ ಮತ್ತು ಬದನೆಕಾಯಿ ಹಾಕಿದ್ದರೆಂದು ಪೇಪರಿನವರೇ ಬರೆದಿದ್ದರು.

"ಅವ್ವಾ, ಉಡಚವ್ವ ಎರಡ ಸಲ ಬಂದ ಹೇಳಿದ್ಲು ಅಂತ ನೀನ ಹೇಳಿದಿ. ಅದನ್ನೂ ಬರಿಯೋಣೇನ?"

"ಅದನ್ನ ಬರದ್ರ, ಹೇಳಿದ ಮ್ಯಾಲೂ ಯಾಕ ಬಡಿಸಿದ್ರಿ ಅಂತ ಕೇಳ್ತಾರ. ಸಸ್ಪೆಂಡ್ ಮಾಡ್ತಾರ ಭಾಗ್ಯಾ. ಇನ್ನ ಏಳ ವರ್ಷ ಐತಿ ನನ್ನ ನೌಕರಿ. ಟೈಪ್ ಮಾಡು."

ಟೈಪು ಮಾಡಿದೆ. ಒಂದು ಅಕ್ಷರದ ತಪ್ಪೂ ಇಲ್ಲದಂತೆ ಮಾಡಿದೆ.

ಎರಡು ದಿನ ಬಿಟ್ಟು ಸಂಜೆ ಉಡಚವ್ವ ನಮ್ಮ ಮನೆಗೆ ಬಂದಳು. ನಾನು ಅವಳನ್ನು ಮೊದಲ ಸಲ ಕಂಡದ್ದು ಅಂದೇ. ಸಣಕಲು ಮೈ, ಕೈಯ ತುಂಬ ಒಲೆಯ ಸುಟ್ಟ ಕಲೆ. ಗೇಟಿನ ಹೊರಗೆ ನಿಂತಿದ್ದಳು. ಅಜ್ಜಿ ಕಿಟಕಿಯಿಂದಲೇ, "ಅಕ್ಕೋರ ಮನ್ಯಾಗಿಲ್ಲ, ಹೋಗು," ಅಂದಳು. ಅವ್ವ ಅಡುಗೆಮನೆಯಲ್ಲಿ ಉಸಿರು ಹಿಡಿದು ನಿಂತಿದ್ದಳು. ಹೊರಗೆ ಬಿಟ್ಟ ಅವಳ ಚಪ್ಪಲಿ ಉಡಚವ್ವನ ಕಣ್ಣೆದುರೇ ಇದ್ದವು. ನನಗೆ ತಡೆಯಲಾಗದೆ ಗೇಟಿಗೆ ಹೋದೆ.

"ಅಕ್ಕೋರ ಮಗಳೇನವಾ ನೀನು? ಅವರಿಗೆ ಒಂದ ಮಾತ ಹೇಳು ತಂಗಿ. ನನ್ನ ಪರವಾಗಿ ಏನೂ ಸುಳ್ಳ ಹೇಳೂದ ಬ್ಯಾಡ. ಉಡಚವ್ವ ಬಂದ ಹೇಳಿದ್ಲು ಅಂತ ಇಷ್ಟ ಹೇಳಿದ್ರ ಸಾಕು."

"ನೀವು ಸಾಹೇಬರ ಮುಂದ ಹೇಳ್ಲಿಲ್ಲೇನ್ರಿ?"

"ಹೇಳಿದ್ನಿ. ಸಾಕ್ಷಿ ಯಾರಂತ ಕೇಳಿದ್ರು. ಅಕ್ಕೋರ ಸಾಕ್ಷಿ ಅಂದ್ನಿ. ಅಕ್ಕೋರು ಬ್ಯಾರೆನ ಬರದ ಕೊಟ್ಟಾರ ಅಂದ್ರು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅವರು ಉಣ್ಣೂದಿಲ್ಲ ಅಂತ ನನಗ ಮೊದಲಿಂದ ಗೊತ್ತೈತಿ. ಯಾರ ಮುಂದೂ ಅಂದಿಲ್ಲ. ದಿನಾ ಮೊದಲನೇ ತಾಟ ಅವರ ಹೆಸರಿಲೆ ತಗದ ಮುಚ್ಚಿಡತೇನಿ. ಇವತ್ತರ ಉಂಡಾರು ಅಂತ. ಆಮ್ಯಾಲ ನಾನ ಉಣ್ತೇನಿ. ಅವತ್ತೂ ನಾನ ಉಂಡ್ನಿ. ಮನಿಗಿ ಹೋಗಿ ನಾನೂ ವಾಂತಿ ಮಾಡಕೊಂಡ್ನಿ. ಅದನ್ನ ಯಾರ ಕೇಳ್ತಾರ?"

ನಾನು ಗೇಟಿನ ಚಿಲಕ ತೆಗೆದೆ. ಅವಳು ನಿಂತಲ್ಲೇ ನಿಂತಳು.

"ಕೆಲಸ ಹೋದ್ರ ಹೋಗ್ಲಿ, ಕೂಲಿ ಮಾಡೇನು. ಹುಡುಗೂರಿಗೆ ವಿಷಾ ಹಾಕಿದಾಕಿ ಅಂತ ಊರಾಗ ಅನ್ನಾಕತ್ತಾರವಾ. ನನ್ನ ಮೊಮ್ಮಗಳೂ ಅದ ಸಾಲ್ಯಾಗ ಅದಾಳ. ಅಕಿಗೂ ಹಾಕಿದ್ನೇನು ನಾನು?"

ಒಳಗೆ ಬಂದು ನಾನು ಕಿರುಚಾಡಿದೆ. ಅವ್ವ ಅಕ್ಕಿ ಆರಿಸುತ್ತ ಕೂತಳು. "ಹೋದ್ಲೇನ?" ಅಂತ ಕೇಳಿದಳು.

"ಹೋದ್ಲು. ಇಪ್ಪತ್ಮೂರ ಹುಡುಗೂರ ವಾಂತಿಗಿಂತ ನಿನ್ನ ಮಾತ ಕೇಳಿದ್ರ ನನಗ ವಾಕರಿಕಿ ಬರಾಕತ್ತೈತಿ."

"ದಾಕ್ಷಾ, ಒಂದ ಮಾತ ಹೇಳಿಬಿಡ್ತಿದ್ದಿ ಅಂದ್ರ..." ಅಂತ ಅಪ್ಪ ಶುರು ಮಾಡಿದ.

"ಹೇಳ್ತೇನ್ರಿ. ನಾಳೆ ಹೋಗಿ ಹೇಳ್ತೇನಿ. ನಾಡದ ಸಸ್ಪೆಂಡಾಗಿ ಮನ್ಯಾಗ ಕುಂದ್ರತೇನಿ. ಗದಗಿನ ಬೀಗರು ಇಕಿ ನಿಶ್ಚಯಕ್ಕ ಬರೂ ತಿಂಗಳ ಬರಾವ್ರದಾರ. ಅವ್ರಿಗೆ ಏನ ಹೇಳೂದು, ನೀವ ಹೇಳ್ರಿ."

ಅಪ್ಪ ಪೇಪರು ಎತ್ತಿಕೊಂಡ. ಅಜ್ಜಿ ಒಗ್ಗರಣೆ ಹಾಕಲು ಎದ್ದಳು. ಹಾಗೆ ಆ ಮಾತು ಮುಗಿದೇಹೋಯಿತು. ನಮ್ಮ ಮನೆಯಲ್ಲಿ ಒಂದು ಬಾಳು ಹಾಳು ಮಾಡಲು ಇಷ್ಟೇ ಹೊತ್ತು ಸಾಕು.

ಶುಕ್ರವಾರ ಅರ್ಧ ದಿನ ರಜೆ ಹಾಕಿ ನಾನು ವಿಚಾರಣೆ ನಡೆಸುವ ಸಾಹೇಬರ ಆಫೀಸಿಗೆ ಹೋದೆ. ದಾರಿಯುದ್ದಕ್ಕೂ ನನ್ನ ಬಗ್ಗೆ ನನಗೆ ಭಾರಿ ಹೆಮ್ಮೆ. ಸಾಹೇಬರು ಚಹಾ ಕುಡಿಯುತ್ತಿದ್ದರು.

"ದಾಕ್ಷಾಯಿಣಿ ಮೇಡಮ್ಮಾರ ಮಗಳೇನು? ಬರ್ರಿ, ಕುಂದರ್ರಿ."

ಮೊಬೈಲು ತೆಗೆದು ಫೋಟೊ ತೋರಿಸಿದೆ. "ಇದು ಸಾಲಿ ಅಡಗಿ ಅಲ್ರಿ ಸರ್. ನುಗ್ಗಿಕಾಯಿ ನೋಡ್ರಿ. ನಮ್ಮ ಮನೀದು."

ಅವರು ಬೆರಳಿನಿಂದ ದೊಡ್ಡದು ಮಾಡಿ ನೋಡಿದರು. ನಕ್ಕರು. "ಹೌದ ಬಿಡ್ರಿ, ನುಗ್ಗಿಕಾಯಿನ. ಇಡೀ ತಾಲೂಕಿನ ಫೋಟೊ ಹಿಂಗ ದೊಡ್ಡದ ಮಾಡಿ ನೋಡಕೋತ ಕುಂತ್ರ ಎಷ್ಟ ನಮೂನಿ ಕಾಯಿಪಲ್ಯೆ ಸಿಗತಾವೋ ಏನೋ. ಫೋಟೊ ಟೈಮಿಗೆ ಬಂದೈತಿ, ದಾಖಲೆ ಸರಿ ಐತಿ. ಮ್ಯಾಲಿನವ್ರು ಕೇಳೂದು ಅಷ್ಟ."

"ಆ ಹೆಣಮಗಳದ ಏನ ತಪ್ಪೈತ್ರಿ ಸರ್?"

ಅವರು ನಗುವುದು ಬಿಟ್ಟರು. ಒಂದು ಬಿಳಿ ಹಾಳೆ, ಒಂದು ಪೆನ್ನು ನನ್ನ ಮುಂದೆ ಸರಿಸಿದರು. "ಬಾಯಿ ಮಾತ ನಡ್ಯಂಗಿಲ್ಲ. ನೀವು ಹೇಳಿದ್ದ ಬರದು, ಕೆಳಗ ಸಹಿ ಮಾಡಿ ಕೊಡ್ರಿ. ಉಡಚವ್ವನ್ನ ಇವತ್ತ ಬಿಡ್ತೇನಿ, ನಿಮ್ಮ ತಾಯಾರ ಮ್ಯಾಲ ಇವತ್ತ ಕೇಸ್ ತಗೋತೇನಿ. ನನಗ ಇಬ್ಬರೂ ಒಂದ."

ಬರೆದೆ. ನಾಲ್ಕು ಸಾಲು ಬರೆದೆ. ಮನೆಯಲ್ಲಿ ಮಾಡಿದ ಅಡುಗೆ, ಎರಡು ಸಲ ಬಂದು ಹೇಳಿದ್ದು, ಹೇಳಿಕೆ ಟೈಪು ಮಾಡಿದವಳು ನಾನೇ ಎಂಬುದು, ಎಲ್ಲವನ್ನೂ ಬರೆದೆ. ಸಹಿಗೆ ಬಂದಾಗ ಕೈ ನಿಂತಿತು. ಅವ್ವ ಸಸ್ಪೆಂಡಾಗಿ ಪಡಸಾಲೆಯಲ್ಲಿ ಕೂತದ್ದು ಕಂಡಿತು. ಗದಗಿನವರು ಫೋನು ಮಾಡಿ ಬೇಡವೆಂದದ್ದು ಕಂಡಿತು. ಅಂಗಡಿಯಲ್ಲಿ ಅಪ್ಪ ತಲೆ ತಗ್ಗಿಸಿದ್ದು ಕಂಡಿತು. ಗೇಟಿನ ಹೊರಗೆ ನಿಂತ ಉಡಚವ್ವನೂ ಕಂಡಳು. ಸುಳ್ಳು ಯಾಕೆ ಹೇಳಲಿ, ಅವಳು ಕೊನೆಗೆ ಕಂಡಳು. ಸಾಹೇಬರು ಎರಡನೆಯ ಚಹಾ ತರಿಸಿದರು. ನಾನು ಹಾಳೆಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ಎದ್ದೆ.

"ವಿಚಾರ ಮಾಡಿ ಬರತೇನ್ರಿ ಸರ್," ಅಂದೆ.

"ಸಾವಕಾಶ ಬರ್ರಿ," ಅಂದರು ಅವರು.

ಹೊರಗೆ ಬಂದು ಆ ಹಾಳೆಯನ್ನು ಹರಿದು ಗಟಾರಿಗೆ ಹಾಕಿದೆ.

ಸೆಪ್ಟೆಂಬರ್ ಎರಡನೆಯ ವಾರ ಉಡಚವ್ವನನ್ನು ತೆಗೆದುಹಾಕಿದರು. ಆದೇಶದಲ್ಲಿ 'ಅಡುಗೆಯವರ ನಿರ್ಲಕ್ಷ್ಯ' ಎಂದಿತ್ತು. ಓದಿದ ಕೂಡಲೇ ಗುರುತು ಹಿಡಿದೆ, ನಾನು ಬಡಿದ ಶಬ್ದವೇ ಅದು. ಎಣ್ಣೆ ಕಳಿಸಿದವರನ್ನು ಯಾರೂ ಕೇಳಲಿಲ್ಲ. ಅವಳು ಊರಲ್ಲಿ ಮುಖ ತೋರಿಸಲಾಗದೆ ತಂಗಿಯ ಊರಿಗೆ ಹೋದಳಂತೆ. ಮೊಮ್ಮಗಳ ಶಾಲೆಯನ್ನೂ ಬಿಡಿಸಿದರಂತೆ. ಇದನ್ನೆಲ್ಲ ಅವ್ವನೇ ಚಹಾ ಕುಡಿಯುತ್ತ ಹೇಳಿದಳು. "ಪಾಪ," ಅಂತಲೂ ಅಂದಳು.

ಹೊಸ ಅಡುಗೆಯವಳು ಬಂದಳು. ನಮ್ಮ ಪೈಕಿಯವಳೇ, ಊರ ಗೌಡರ ಮನೆಯ ದೂರದ ಸಂಬಂಧಿ. ಅವಳು ಬಂದ ಮೊದಲ ಸೋಮವಾರ ರಾತ್ರಿ ಊಟಕ್ಕೆ ಕೂತಾಗ ಅವ್ವ ಹಗುರಾಗಿದ್ದಳು. ಬಹಳ ದಿನಗಳ ಮೇಲೆ ಅವಳ ಮುಖದಲ್ಲಿ ಗೆಲುವಿತ್ತು.

"ಅತ್ತೀ, ನಾಳಿಂದ ಡಬ್ಬಿ ಬ್ಯಾಡ್ರಿ ನನಗ. ಸಾಲ್ಯಾಗ ಉಣ್ತೇನಿ. ಛಲೋ ಮಾಡ್ತಾಳ ಆ ಹೆಣಮಗಳು, ಸ್ವಚ್ಛ ಅದಾಳ. ಇವತ್ತ ಎರಡ ಸಲ ಹಾಕಿಸಿಕೊಂಡ ಉಂಡೆ."

"ಹಂಗಾದ್ರ ನನ್ನ ಸೊಂಟಕ್ಕ ಆರಾಮ ಆತ ನೋಡು," ಅಂದಳು ಅಜ್ಜಿ.

ನಾನು ತಾಟು ಮುಂದಕ್ಕೆ ತಳ್ಳಿದೆ. "ನಾಕ ವರ್ಷ ಅಕಿ ತಾಟ ತಗದಿಟ್ಟಳಲ್ಲ. ಒಂದ ದಿನಾ ಉಂಡಿದ್ರ, ಆ ಗುರುವಾರ ಒಂದ ಬೆರಳ ನೆಕ್ಕಿ ನೋಡಿದ್ರ..."

"ಮುಗದ ಮಾತ ಯಾಕ ತಗೀತಿ?" ಅಂದಳು ಅವ್ವ. "ಈಗ ಸಹಿ ಖರೇನ ಐತಲ್ಲ? ಉಂಡ ಸಹಿ ಹಾಕು ಅಂತ ನೀನ ಅಲ್ಲೇನ ಒದರತಿದ್ದಾಕಿ? ಉಂಡ ಹಾಕ್ತೇನಿ ಇನ್ನ ಮುಂದ."

"ನಿಮಗೆಲ್ಲ ಮನಸ್ಸಿನ ಬದಲಿಗೆ ಏನೈತಿ ಅವ್ವಾ? ಅಕಿ ಊರ ಬಿಟ್ಟ ಹೋದ್ಲು. ನಿನಗ ತುತ್ತ ಹೆಂಗ ಇಳೀತಾವ?"

ಅವ್ವ ಸಿಟ್ಟಿಗೇಳುತ್ತಾಳೆಂದುಕೊಂಡಿದ್ದೆ. ಏಳಲಿಲ್ಲ. ಜ್ವರ ಬಂದ ಮಗುವನ್ನು ನೋಡುವ ಹಾಗೆ ನನ್ನನ್ನು ನೋಡಿದಳು. ಆಮೇಲೆ ತುಪ್ಪದ ವಾಟಿ ಹತ್ತಿರಕ್ಕೆ ಎಳೆದುಕೊಂಡಳು.

"ಸಾಹೇಬ್ರು ಅವತ್ತ ಸಂಜೀಕನ ಫೋನ್ ಮಾಡಿದ್ರು ನನಗ," ಅಂದಳು.

ಅಪ್ಪ ತಲೆ ಎತ್ತಿದ.

"ಪೆನ್ನ ಹಿಡದ ಅರ್ಧಾ ತಾಸ ಕುಂತಿದ್ಲು ಮೇಡಂ ನಿಮ್ಮ ಮಗಳು, ಸಹಿ ಮಾಡ್ಲಿಲ್ಲ, ಹಾಳಿ ಮಡಚಿಕೊಂಡ ಹೋದ್ಲು ಅಂದ್ರು. ನಾ ನಿನಗ ಕೇಳಲಿಲ್ಲ. ಕೇಳೂದ ಏನೈತಿ? ನನಗ ಗೊತ್ತಿತ್ತು. ಸಿಟ್ಟಿಲೆ ಬಾಯಿ ಮಾಡ್ತಿ ಖರೇ, ಮನಿ ಮರ್ಯಾದಿ ಕಳ್ಯಾಕಿ ಅಲ್ಲ ನೀನು." ನನ್ನ ಅನ್ನದ ಮೇಲೆ ಎರಡು ಚಮಚೆ ತುಪ್ಪ ಹಾಕಿದಳು. ಕಣ್ಣಲ್ಲಿ ನೀರೂ ಬಂದಿತ್ತು ಅವಳಿಗೆ. "ಎಷ್ಟರ ಆಗ್ಲಿ, ನನ್ನ ಹೊಟ್ಟ್ಯಾಗ ಹುಟ್ಟಿದಾಕಿ. ಉಣ್ಣು."

ಅಜ್ಜಿ ನನ್ನ ತಲೆ ಸವರಿದಳು. ನಾನು ಕಲಸಿಕೊಂಡು ಉಂಡೆ.